ಬಿಳಿ ನೊಣ ಒಂಟಿಯಾಗಿ ಬರಲಿಲ್ಲ

ತೋಟದಲ್ಲಿ ರಸ ಹೀರಿ ಬದುಕುವ ಕೀಟಕ್ಕೆ ಹುಟ್ಟಿದಲ್ಲಿಂದ ಸಾಯುವವರೆಗೆ ಒಂದೇ ಊಟ. ಎಲೆಯ ಆಹಾರನಾಳಕ್ಕೆ ಸೂಜಿಯಂಥ ಬಾಯಿ ಚುಚ್ಚಿದರೆ ಸಿಗುವುದು ಬಹುಪಾಲು ಸಕ್ಕರೆ ನೀರು. ಸಕ್ಕರೆಯಿಂದ ಓಡಾಡುವ ಶಕ್ತಿ ಬಂದೀತು, ಮೈ ಬೆಳೆಯದು. ಮೈ ಬೆಳೆಯಲು, ಮೊಟ್ಟೆ ಕಟ್ಟಲು ಪ್ರೋಟೀನು ಬೇಕು. ಪ್ರೋಟೀನಿಗೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಬೇಕು. ಅವುಗಳಲ್ಲಿ ಸುಮಾರು ಹತ್ತನ್ನು ಪ್ರಾಣಿಗಳ ದೇಹ ತಾನೇ ತಯಾರಿಸಿಕೊಳ್ಳಲಾರದು. ನಾವಾದರೆ ಬೇಳೆ, ಹಾಲುಗಳಿಂದ ಪಡೆಯುತ್ತೇವೆ. ಸಸ್ಯರಸದಲ್ಲಿ ಅವು ತೀರಾ ಕಡಿಮೆ. ಈ ಲೆಕ್ಕ ಹಿಡಿದರೆ ಬಿಳಿ ನೊಣ, ಗಿಡಹೇನು, ಹಿಟ್ಟು ತಿಗಣೆಗಳೆಲ್ಲ ಸಕ್ಕರೆ ಕುಡಿಯುತ್ತ ಹಸಿವಿನಿಂದ ಸಾಯಬೇಕಿತ್ತು. ಹಾಗಾಗುವುದಿಲ್ಲ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗುಟ್ಟು ಇರುವುದು ಕೀಟದ ಮೈಯೊಳಗೆ. ಈ ಗುಂಪಿನ ಕೀಟಗಳಲ್ಲಿ ಬ್ಯಾಕ್ಟೀರಿಯಾಗಳಿಗೆಂದೇ ಮೀಸಲಾದ ಜೀವಕೋಶಗಳಿವೆ. ಅಲ್ಲಿ ಕಿಕ್ಕಿರಿದು ವಾಸವಿರುವ ಬ್ಯಾಕ್ಟೀರಿಯಾಗಳು ಕೀಟಕ್ಕೆ ಕೊರತೆಯಾದ ಅಮೈನೋ ಆಮ್ಲಗಳನ್ನು ತಯಾರಿಸಿ ಕೊಡುತ್ತವೆ. ಪ್ರತಿಯಾಗಿ ಅವಕ್ಕೆ ಊಟ, ವಸತಿ, ರಕ್ಷಣೆ. ಹೊರದೇಶದ ಕೀಟವೊಂದು ಬಂದು ಕೆಲವೇ ವರ್ಷಗಳಲ್ಲಿ ಸೀಮೆಯನ್ನೆಲ್ಲ ಆವರಿಸಿದಾಗ ನಾವು ಅದರ ಮೊಟ್ಟೆಯ ಲೆಕ್ಕ, ಇಲ್ಲಿ ಅದಕ್ಕೆ ಶತ್ರುಗಳಿಲ್ಲದ ಅನುಕೂಲ, ಬಿಸಿಲು–ಮಳೆಯ ಏರುಪೇರುಗಳ ಮಾತಾಡುತ್ತೇವೆ. ಅವೆಲ್ಲ ಸರಿಯೇ. ಅದರ ಮೈಯೊಳಗಿನ ಬ್ಯಾಕ್ಟೀರಿಯಾದ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಗಟ್ಟಿಯಾಗಿ ಕೈಗೆತ್ತಿಕೊಂಡದ್ದು ಈಚೆಗೆ. ಸಿಕ್ಕಿರುವ ಉತ್ತರಗಳು ತೋಟದಲ್ಲಿ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂದು ತಿಳಿಯಲು ಉಪಯೋಗಕ್ಕೆ ಬರುವಂಥವು.

ನಮಗೆ ಹತ್ತಿರದ ಉದಾಹರಣೆ ತೆಂಗಿನ ರುಗೋಸ್ ಸುರುಳಿ ಬಿಳಿ ನೊಣ. ವಿಜ್ಞಾನದಲ್ಲಿ ಅದರ ಹೆಸರು ಅಲ್ಯೂರೋಡೈಕಸ್ ರುಜಿಯೋಪರ್ಕ್ಯುಲೇಟಸ್. ತವರು ಮಧ್ಯ ಅಮೆರಿಕ. 2004ರಲ್ಲಿ ಬೆಲೀಜ್ ದೇಶದ ಮಾದರಿಗಳಿಂದ ಅದಕ್ಕೆ ಹೆಸರಿಟ್ಟರು. 2009ರಲ್ಲಿ ಫ್ಲಾರಿಡಾದಲ್ಲಿ ಕಂಡಿತು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನಲ್ಲಿ ಕಾಣಿಸಿಕೊಂಡು, ಅಲ್ಲಿಂದ ಕೇರಳ, ಕರ್ನಾಟಕದ ತೆಂಗಿಗೆ ದಾಟಿತು. ಅದರ ಹಿಂದೆಯೇ ಗೂಡು ಕಟ್ಟುವ ಬಿಳಿ ನೊಣಗಳು ಎರಡು ಜಾತಿ ಬಂದವು. 2019ರಲ್ಲಿ ತಾಳೆ ಜಾತಿಯ ಮರಗಳಿಗೆ ಮುತ್ತುವ ಮತ್ತೊಂದು ಬಿಳಿ ನೊಣ ನಮ್ಮ ಮಂಡ್ಯದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಇದಕ್ಕೆಲ್ಲ ಮುಂಚೆ, 1990ರ ದಶಕದಲ್ಲೇ, ಪೇರಲೆ ಎಲೆಯ ಅಡಿಯಲ್ಲಿ ಬಿಳಿ ಮೇಣದ ಸುರುಳಿ ಬರೆಯುವ ಇವುಗಳ ಹತ್ತಿರದ ಸಂಬಂಧಿಯೊಂದು ಕೇರಳದ ಮೂಲಕ ಬಂದು ನೆಲೆಯೂರಿತ್ತು.

ನಮ್ಮ ಮೂರು ತಾಲೂಕುಗಳ ತೋಟವನ್ನು ಈ ಕೀಟದ ಕಣ್ಣಲ್ಲಿ ನೋಡಿದರೆ ಅದಕ್ಕಿಂತ ಒಳ್ಳೆಯ ಬಿಡಾರ ಸಿಗಲಾರದು. ರುಗೋಸ್ ಬಿಳಿ ನೊಣ ನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕುತ್ತದೆ. ತೆಂಗು, ಬಾಳೆ, ಅಡಕೆ, ಮಾವು, ಪೇರಲೆ ಎಲ್ಲವೂ ಆ ಪಟ್ಟಿಯಲ್ಲಿವೆ. ಬಯಲುಸೀಮೆಯಲ್ಲಿ ಬೇರೆ ಬೇರೆ ಹೊಲದಲ್ಲಿ ಇರುವುದು ನಮ್ಮಲ್ಲಿ ಒಂದೇ ಕಣಿವೆಯ ತೋಟದಲ್ಲಿ, ಒಂದರ ನೆರಳಿಗೆ ಇನ್ನೊಂದು ನಿಂತಿರುತ್ತದೆ. ಕರಾವಳಿಯ ತೆಂಗಿಗೂ ಘಟ್ಟದ ಮೇಲಿನ ತೋಟಕ್ಕೂ ನಡುವೆ ಇರುವುದು ದೇವಿಮನೆ, ದೊಡ್ಮನೆ, ಅರಬೈಲು ಘಟ್ಟಗಳ ಕೆಲವು ತಾಸಿನ ದಾರಿ. ಸಸಿ ಹೇರಿಕೊಂಡ ಗಾಡಿಯಲ್ಲಿ ಎಲೆಯ ಅಡಿಗೆ ಅಂಟಿ ಕುಳಿತ ಮರಿಗೆ ಘಟ್ಟ ಹತ್ತುವ ಶ್ರಮವೂ ಇಲ್ಲ.

ಈ ಮರಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಮಸೂರವೊಂದು ಸಾಕು. ಮೇಣದ ಹುಡಿಯನ್ನು ಮೆಲ್ಲಗೆ ಒರೆಸಿದರೆ ಚಪ್ಪಟೆ, ಅರೆಪಾರದರ್ಶಕ, ಕದಲದ ಜೀವಿಯೊಂದು ಕಾಣುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಮೊದಲು ಒಂದಿಷ್ಟು ದೂರ ಹರಿದಾಡಿ ಜಾಗ ಹಿಡಿಯುತ್ತದೆ. ಆಮೇಲೆ ರೆಕ್ಕೆ ಬರುವವರೆಗೂ ಕೂತಲ್ಲೇ ಕೂತಿರುತ್ತದೆ. ಹಲವು ಜಾತಿಯ ಬಿಳಿ ನೊಣದ ಮರಿಗಳಲ್ಲಿ ಬೆನ್ನಿನ ಚರ್ಮದೊಳಗಿಂದ ಹಳದಿ ಬಣ್ಣದ ಎರಡು ಮಚ್ಚೆಗಳು ಇಣುಕುತ್ತವೆ. ಅವೇ ಬ್ಯಾಕ್ಟೀರಿಯಾದ ಕೊಠಡಿಗಳು. ಒಳಗಿರುವ ಮುಖ್ಯ ನಿವಾಸಿಗೆ ಪೋರ್ಟಿಯೆರಾ ಎಂದು ಹೆಸರು. ಅದು ಕೋಟ್ಯಂತರ ವರ್ಷಗಳಿಂದ ಬಿಳಿ ನೊಣಗಳ ಜೊತೆಗೇ ಇದ್ದು, ಹೊರಗೆ ಒಂಟಿಯಾಗಿ ಬದುಕುವ ಶಕ್ತಿಯನ್ನು ಪೂರ್ತಿ ಕಳೆದುಕೊಂಡಿದೆ. ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಒಂದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜೀನ್‌ಗಳಿದ್ದರೆ ಪೋರ್ಟಿಯೆರಾದಲ್ಲಿ ಉಳಿದಿರುವುದು ಮುನ್ನೂರರ ಆಸುಪಾಸು. ಬೇಡದ್ದನ್ನೆಲ್ಲ ಬಿಟ್ಟರೂ ಅಮೈನೋ ಆಮ್ಲ ತಯಾರಿಸುವ ಜೀನ್‌ಗಳನ್ನು ಮಾತ್ರ ಅದು ಬಿಟ್ಟಿಲ್ಲ.

ಇದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುವುದು ತಾಯಿಯ ಮೂಲಕ. ಟೊಮೆಟೊ, ಹತ್ತಿಯ ಮೇಲೆ ಬರುವ ಬೆಮಿಸಿಯಾ ಬಿಳಿ ನೊಣದಲ್ಲಿ ತಾಯಿಯ ದೇಹದ ಒಂದು ಜೀವಕೋಶ, ಒಳಗಿನ ಬ್ಯಾಕ್ಟೀರಿಯಾಗಳ ಸಮೇತ, ಇಡಿಯಾಗಿ ಮೊಟ್ಟೆಯೊಳಗೆ ಹೋಗಿ ಕೂರುತ್ತದೆ. ಹೊಸ ಮನೆಗೆ ಹೋಗುವ ಮಗಳ ಕೈಯಲ್ಲಿ ತಾಯಿ ಹೆಪ್ಪಿನ ಮಜ್ಜಿಗೆ ಕೊಟ್ಟು ಕಳಿಸಿದ ಹಾಗೆ: ಆ ಊರಿನಲ್ಲಿ ಹೆಪ್ಪು ಸಿಗುತ್ತದೋ ಇಲ್ಲವೋ ಎಂಬ ಚಿಂತೆಯೇ ಇಲ್ಲ. ವಲಸೆ ಕೀಟಕ್ಕೆ ಇದರಿಂದ ಎಂಥ ಅನುಕೂಲ ನೋಡಿ. ಸಾಗರ ದಾಟಿ ಬಂದ ಒಂದು ಮೊಟ್ಟೆಯಲ್ಲೂ ಅದರ ಅಡುಗೆಯ ಏರ್ಪಾಡು ಸಿದ್ಧವಾಗಿರುತ್ತದೆ.

ಇಲ್ಲಿ ಒಂದು ತಕರಾರು ಎತ್ತಲೇಬೇಕು. ಪೋರ್ಟಿಯೆರಾ ಎಲ್ಲ ಬಿಳಿ ನೊಣಗಳಲ್ಲೂ ಇದೆ. ನಮ್ಮ ಕಾಡಿನ ಗಿಡಗಳ ಮೇಲೆ ಯಾರ ಗಮನಕ್ಕೂ ಬಾರದೆ ಬದುಕಿರುವ ಸ್ಥಳೀಯ ಜಾತಿಗಳಲ್ಲೂ ಇದೆ. ಹಾಗಿದ್ದ ಮೇಲೆ ಒಂದು ಜಾತಿ ಮಾತ್ರ ಪಿಡುಗಾಗುವುದಕ್ಕೆ ಅದೇ ಕಾರಣ ಎನ್ನುವುದು ಹೇಗೆ? ಎನ್ನಲಾಗದು. ಪೋರ್ಟಿಯೆರಾ ಬದುಕಿನ ಮೂಲ ಬಂಡವಾಳ, ಅಷ್ಟೇ. ಹೆಚ್ಚು–ಕಡಿಮೆಯಾಗುವುದು ಅದರ ಪಕ್ಕದಲ್ಲಿ ಸೇರಿಕೊಳ್ಳುವ ಎರಡನೇ ದರ್ಜೆಯ ನಿವಾಸಿಗಳಿಂದ. ಅರ್ಸೆನೋಫೋನಸ್, ಹ್ಯಾಮಿಲ್ಟೋನೆಲ್ಲಾ, ರಿಕೆಟ್ಸಿಯಾ, ವೊಲ್ಬಾಕಿಯಾ, ಕಾರ್ಡಿನಿಯಂ ಇತ್ಯಾದಿ. ಇವು ಒಂದು ಊರಿನ ಬಿಳಿ ನೊಣದಲ್ಲಿ ಇರಬಹುದು, ಪಕ್ಕದ ಊರಿನದರಲ್ಲಿ ಇಲ್ಲದೆಯೂ ಇರಬಹುದು. ರುಗೋಸ್ ಬಿಳಿ ನೊಣದ ಹತ್ತಿರದ ಸಂಬಂಧಿಗಳಲ್ಲಿ ಅರ್ಸೆನೋಫೋನಸ್ ಇದ್ದು, ರಸದಲ್ಲಿ ಸಿಗದ ಬಿ ವಿಟಮಿನ್‌ಗಳನ್ನು ಅದು ಪೂರೈಸುವಂತಿದೆ ಎಂದು ಅದರ ಜೀನ್‌ಗಳಿಂದ ತಿಳಿದಿದೆ.

ಎರಡನೇ ದರ್ಜೆಯವರು ಎಷ್ಟು ಬೇಗ ಆಟ ಬದಲಿಸಬಲ್ಲರು ಎಂಬುದು ಗೊತ್ತಾದದ್ದು ಅಮೆರಿಕದ ಅರಿಜೋನಾದಲ್ಲಿ. ಅಲ್ಲಿಗೂ ಬೆಮಿಸಿಯಾ ಬಿಳಿ ನೊಣ ಹೊರಗಿನಿಂದ ಬಂದದ್ದೇ. 2000ದಲ್ಲಿ ನೂರಕ್ಕೆ ಒಂದರಲ್ಲಿ ಮಾತ್ರ ರಿಕೆಟ್ಸಿಯಾ ಸಿಕ್ಕಿತ್ತು. 2006ರ ಹೊತ್ತಿಗೆ ನೂರಕ್ಕೆ ತೊಂಬತ್ತೇಳರಲ್ಲಿ ಸಿಕ್ಕಿತು. ಆರೇ ವರ್ಷ. ಪ್ರಯೋಗಾಲಯದಲ್ಲಿ ಸಾಕಿ ಹೋಲಿಸಿದಾಗ ಕಾರಣ ಹೊರಬಿತ್ತು: ರಿಕೆಟ್ಸಿಯಾ ಇರುವ ನೊಣ ಹೆಚ್ಚು ಮರಿ ಮಾಡುತ್ತದೆ, ಮರಿಗಳು ಬೇಗ ಬೆಳೆಯುತ್ತವೆ, ಹೆಚ್ಚು ಬದುಕುತ್ತವೆ, ಅವುಗಳಲ್ಲಿ ಹೆಣ್ಣುಗಳೇ ಜಾಸ್ತಿ. ಬ್ಯಾಕ್ಟೀರಿಯಾ ಸಾಗುವುದು ತಾಯಿಯಿಂದ ಮಗಳಿಗೆ ತಾನೆ. ಹೆಣ್ಣು ಹೆಚ್ಚಾದಷ್ಟೂ ಅದಕ್ಕೆ ಲಾಭ, ಬೆಳೆಗೆ ನಷ್ಟ. 2011ರಲ್ಲಿ ಇದು ಪ್ರಕಟವಾದಾಗ ಕೀಟಶಾಸ್ತ್ರದವರೆಲ್ಲ ಹುಬ್ಬೇರಿಸಿದರು. ಆದರೆ ಕತೆ ಅಲ್ಲಿಗೇ ನಿಲ್ಲಲಿಲ್ಲ. ಅದು ಹಾಗೆ ಹರಡಿ ಹತ್ತು ವರ್ಷ ಕಳೆದ ಮೇಲೆ ಅದೇ ಸೀಮೆಯಲ್ಲಿ ರಿಕೆಟ್ಸಿಯಾದ ಪ್ರಮಾಣ ಇಳಿಯತೊಡಗಿತ್ತು. ಇಂದು ಲಾಭ ಕೊಡುವ ನೆಂಟಸ್ತಿಕೆ ನಾಳೆಯೂ ಕೊಡುತ್ತದೆಂಬ ಖಾತ್ರಿಯಿಲ್ಲ.

ಬೆಮಿಸಿಯಾದ ಇದೇ ಆಕ್ರಮಣಕಾರಿ ಬಗೆ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಕೋಲಾರದಲ್ಲಿ, 1999ರಲ್ಲಿ. ಟೊಮೆಟೊಗೆ ಎಲೆ ಮುಟುರು ರೋಗ ವಿಪರೀತ ಬಂದ ವರ್ಷ ಅದು. ರೋಗದ ವೈರಸ್ಸನ್ನು ಹೊತ್ತು ತಿರುಗುವುದು ಈ ನೊಣ. ಅಲ್ಲೂ ಬ್ಯಾಕ್ಟೀರಿಯಾದ ಕೈವಾಡ ಇರುವ ಸಾಧ್ಯತೆಯಿದೆ. ಇಸ್ರೇಲಿನ ಸಂಶೋಧಕರು ಹ್ಯಾಮಿಲ್ಟೋನೆಲ್ಲಾ ತಯಾರಿಸುವ ಒಂದು ಪ್ರೋಟೀನು ನೊಣದ ಮೈಯೊಳಗೆ ವೈರಸ್ಸಿಗೆ ಅಂಟಿಕೊಂಡು ಅದು ಹಾಳಾಗದಂತೆ ಕಾಯುತ್ತದೆ ಎಂದು ತೋರಿಸಿದ್ದಾರೆ.

ಹೆಣ್ಣುಗಳನ್ನೇ ಹೆಚ್ಚಿಸುವ ಈ ತಂತ್ರದ ತುತ್ತತುದಿ ನೀಲಗಿರಿ ಮರದ ಗಂಟು ಕಣಜದಲ್ಲಿದೆ. ಆಸ್ಟ್ರೇಲಿಯಾ ಮೂಲದ, ಒಂದೂವರೆ ಮಿಲಿಮೀಟರಿಗೂ ಚಿಕ್ಕದಾದ ಲೆಪ್ಟೋಸೈಬ್ ಇನ್ವೇಸಾ ಎಂಬ ಈ ಕಣಜ ನೀಲಗಿರಿಯ ಎಲೆಯ ನರ, ತೊಟ್ಟುಗಳಲ್ಲಿ ಮೊಟ್ಟೆಯಿಟ್ಟು ಗಂಟು ಬರಿಸುತ್ತದೆ. 2000ದ ಆಸುಪಾಸಿನಲ್ಲಿ ಮೆಡಿಟರೇನಿಯನ್ ದೇಶಗಳಲ್ಲಿ ಕಂಡದ್ದು, ಕೆಲವೇ ವರ್ಷಗಳಲ್ಲಿ ಕರ್ನಾಟಕ, ತಮಿಳುನಾಡಿನ ನೆಡುತೋಪುಗಳಿಗೆ ಬಂತು. ಇದರಲ್ಲಿ ಗಂಡುಗಳು ಅಪರೂಪ. ಹೆಣ್ಣು ಗಂಡಿನ ಹಂಗಿಲ್ಲದೆ ಹೆಣ್ಣು ಮರಿಗಳನ್ನೇ ಹುಟ್ಟಿಸುತ್ತದೆ. ಇದರ ಹಿಂದೆಯೂ ರಿಕೆಟ್ಸಿಯಾ ಇರುವುದಕ್ಕೆ ಪುರಾವೆಗಳಿವೆ. ಗಂಡು–ಹೆಣ್ಣು ಎರಡೂ ಬೇಕಾದ ಕೀಟಕ್ಕೆ ಹೊಸ ದೇಶದಲ್ಲಿ ಮೊದಲ ತೊಡಕೇ ಜೋಡಿ ಹುಡುಕುವುದು. ಈ ಕಣಜಕ್ಕೆ ಒಂದು ಹೆಣ್ಣು ಬಂದರೆ ಸಾಕು, ಸಂಸಾರ ಶುರು.

ಇಷ್ಟು ಹೇಳಿದ ಮೇಲೂ ಅನುಮಾನ ಉಳಿಯುತ್ತದೆ. ಬ್ಯಾಕ್ಟೀರಿಯಾ ಇರುವ ಕೀಟ ಹೆಚ್ಚು ಬೆಳೆಯಿತು ಎಂದಮಾತ್ರಕ್ಕೆ ಅದು ಬ್ಯಾಕ್ಟೀರಿಯಾದಿಂದಲೇ ಎಂದು ಹೇಗೆ ಹೇಳುವುದು? ಕೀಟದ ಸ್ವಂತ ಗುಣವೇ ಇರಬಹುದಲ್ಲ? ಇದನ್ನು ಬಿಡಿಸುವ ದಾರಿ ಒಂದೇ: ಎರಡು ಕೀಟಗಳ ಬ್ಯಾಕ್ಟೀರಿಯಾವನ್ನು ಅದಲುಬದಲು ಮಾಡಿ ನೋಡುವುದು. ಸಾಮಾನ್ಯವಾಗಿ ಇದು ಆಗದ ಕೆಲಸ, ಬ್ಯಾಕ್ಟೀರಿಯಾ ಮೊಟ್ಟೆಯೊಳಗೇ ಇರುವುದರಿಂದ. ಆದರೆ ಒಂದು ಗುಂಪಿನ ತಿಗಣೆಗಳಲ್ಲಿ ಪ್ರಕೃತಿಯೇ ದಾರಿ ಮಾಡಿಕೊಟ್ಟಿದೆ, ಮತ್ತು ಆ ತಿಗಣೆಯ ಬಳಗವನ್ನು ನಮ್ಮ ಅವರೆ ಬೆಳೆಯುವವರು ಚೆನ್ನಾಗಿ ಬಲ್ಲರು. ಅವರೆ ಬಳ್ಳಿಯ ಎಳೆ ತುದಿಗೆ ಗುಂಪುಗುಂಪಾಗಿ ಅಂಟಿಕೊಳ್ಳುವ, ಹಸುರುಗಂದು ಬಣ್ಣದ, ಗುಂಡಗೆ ಮುದ್ದೆಯಂತಿರುವ, ಮುಟ್ಟಿದರೆ ನಾರುವ ತಿಗಣೆ ಅದು. ಹೆಸರು ಮೆಗಾಕಾಪ್ಟಾ.

ಇದರ ತಾಯಿ ಮೊಟ್ಟೆಗಳನ್ನು ಸಾಲಾಗಿ ಇಟ್ಟು, ಅವುಗಳ ಅಡಿಯಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಪೊಟ್ಟಣಗಳನ್ನೂ ಇಡುತ್ತದೆ. ಪೊಟ್ಟಣದೊಳಗೆ ಇಶಿಕವೇಲಾ ಎಂಬ ಬ್ಯಾಕ್ಟೀರಿಯಾ. ಮರಿ ಮೊಟ್ಟೆಯೊಡೆದು ಬಂದೊಡನೆ ಮಾಡುವ ಮೊದಲ ಕೆಲಸ ಪೊಟ್ಟಣಕ್ಕೆ ಬಾಯಿ ಚುಚ್ಚಿ ಅದನ್ನು ಹೀರುವುದು. ಪೊಟ್ಟಣ ತೆಗೆದುಬಿಟ್ಟರೆ ಮರಿ ಅಲೆದಾಡುತ್ತದೆ, ಬೆಳೆಯದೆ ಸೊರಗುತ್ತದೆ. ಜಪಾನಿನಲ್ಲಿ ಈ ತಿಗಣೆಯ ಎರಡು ಬಗೆಗಳಿವೆ. ಒಂದು ಸೋಯಾ ಅವರೆಗೆ ಪಿಡುಗು. ಇನ್ನೊಂದು ದಕ್ಷಿಣದ ದ್ವೀಪಗಳಲ್ಲಿ ಕಾಡುಬಳ್ಳಿಯ ಮೇಲೆ ಇರುವಂಥದ್ದು, ಸೋಯಾದ ಮೇಲೆ ಬಿಟ್ಟರೆ ಅದರ ಮೊಟ್ಟೆಗಳು ಸರಿಯಾಗಿ ಒಡೆಯುವುದೇ ಇಲ್ಲ. ಜಪಾನಿನ ಸಂಶೋಧಕರು ಎರಡರ ಪೊಟ್ಟಣಗಳನ್ನು ಅದಲುಬದಲು ಮಾಡಿದರು. ಫಲಿತಾಂಶ 2007ರಲ್ಲಿ ಹೊರಬಂತು. ನಿರುಪದ್ರವಿಯ ಮರಿಗೆ ಪಿಡುಗಿನ ಬ್ಯಾಕ್ಟೀರಿಯಾ ಕೊಟ್ಟಾಗ ಅದು ಸೋಯಾದ ಮೇಲೆ ಚೆನ್ನಾಗಿ ಸಂತಾನ ಪಡೆಯಿತು. ಪಿಡುಗಿನ ಮರಿಗೆ ನಿರುಪದ್ರವಿಯ ಬ್ಯಾಕ್ಟೀರಿಯಾ ಕೊಟ್ಟಾಗ ಅದರ ಮೊಟ್ಟೆಗಳು ಹಾಳಾದವು. ಅಂದರೆ ಒಂದು ಕೀಟ ಬೆಳೆಗೆ ಪಿಡುಗೋ ಅಲ್ಲವೋ ಎಂಬುದನ್ನು ಅದರ ಬ್ಯಾಕ್ಟೀರಿಯಾವೇ ತೀರ್ಮಾನಿಸಿತ್ತು. ಈ ವಿಷಯದಲ್ಲಿ ಇದಕ್ಕಿಂತ ಚೊಕ್ಕವಾದ ಪುರಾವೆಯನ್ನು ನಾನು ಓದಿಲ್ಲ.

ಎರಡು ವರ್ಷಕ್ಕೆ ಸರಿಯಾಗಿ, 2009ರಲ್ಲಿ, ಇದೇ ಮೆಗಾಕಾಪ್ಟಾ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಇಳಿಯಿತು. ಮೊದಲು ಕಂಡದ್ದು ಕುಡ್ಜು ಎಂಬ ಕಾಡುಬಳ್ಳಿಯ ಮೇಲೆ. ಕುಡ್ಜು ಕೂಡ ಅಲ್ಲಿಗೆ ಏಷ್ಯಾದಿಂದ ಹೋಗಿ ಕಾಡುಮೇಡು ಮುಚ್ಚಿದ ಕಳೆ. ತಿನ್ನಲೊಂದು ಹುಳ ಬಂತಲ್ಲ ಎಂದು ಸಂತೋಷಪಡಬಹುದಿತ್ತು. ಒಂದು ವರ್ಷದೊಳಗೆ ಅದು ಸೋಯಾ ಹೊಲಕ್ಕೆ ನುಗ್ಗಿತು. ಹೊಸ ನಾಡಿಗೆ ಬಂದ ಮೇಲೆ ಸೋಯಾ ತಿನ್ನಲು ಕಲಿಯಿತೇ, ಅಥವಾ ಬರುವಾಗಲೇ ಸಿದ್ಧವಾಗಿತ್ತೇ? ದಾಳಿಯ ಮೊದಲ ದಿನಗಳಲ್ಲಿ ಹಿಡಿದ ತಿಗಣೆಗಳಿಂದ ಹಿಡಿದು 2011ರವರೆಗೆ ಬೇರೆ ಬೇರೆ ಊರುಗಳಲ್ಲಿ ಸಂಗ್ರಹಿಸಿದವುಗಳ ಬ್ಯಾಕ್ಟೀರಿಯಾವನ್ನು ಓದಿದಾಗ ಅದು ಜಪಾನಿನ ಪಿಡುಗಿನ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ತದ್ರೂಪವಾಗಿತ್ತು. ಸೋಯಾ ಅರಗಿಸುವ ವಿದ್ಯೆ ಅಮೆರಿಕದಲ್ಲಿ ಕಲಿತದ್ದಲ್ಲ, ಪೊಟ್ಟಣದಲ್ಲೇ ಬಂದದ್ದು ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು.

ಇದುವರೆಗೆ ತಾಯಿಯಿಂದ ಬರುವ ಬ್ಯಾಕ್ಟೀರಿಯಾದ ಮಾತಾಯಿತು. ಮಣ್ಣಿನಿಂದ ಹೆಕ್ಕಿಕೊಳ್ಳುವುದೂ ಉಂಟು, ಮತ್ತು ತೋಟಿಗರು ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ದ್ವಿದಳ ಧಾನ್ಯದ ಕಾಯಿಗಳಿಂದ ರಸ ಹೀರುವ ರಿಪ್ಟಾರ್ಟಸ್ ಎಂಬ ಉದ್ದ ಕಾಲಿನ ತಿಗಣೆಯ ಮರಿಗಳು ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾವನ್ನು ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಮಣ್ಣಿನಿಂದ ಪಡೆಯುತ್ತವೆ. ಫೆನಿಟ್ರೋಥಿಯಾನ್ ಎಂಬ ಕೀಟನಾಶಕವನ್ನು ಒಂದೇ ಜಾಗಕ್ಕೆ ಮತ್ತೆ ಮತ್ತೆ ಸುರಿದರೆ ಆ ಮಣ್ಣಿನಲ್ಲಿ, ಅದನ್ನೇ ಒಡೆದು ತಿನ್ನಬಲ್ಲ ಬರ್ಕ್‌ಹೋಲ್ಡೇರಿಯಾಗಳು ಹೆಚ್ಚುತ್ತವೆ. ತಿಗಣೆಯ ಮರಿ ಅವನ್ನು ಒಳಗೆ ಸೇರಿಸಿಕೊಂಡರೆ ಔಷಧಿಗೆ ಜಗ್ಗದ ತಿಗಣೆಯಾಗಿಬಿಡುತ್ತದೆ. ಜಪಾನಿನಲ್ಲಿ 2012ರಲ್ಲಿ ಇದನ್ನು ತೋರಿಸಿದರು. ಔಷಧಿಗೆ ಕೀಟ ಒಗ್ಗಿಕೊಳ್ಳಲು ಹಲವು ತಲೆಮಾರು ಬೇಕು ಎಂದು ನಾವೆಲ್ಲ ನಂಬಿದ್ದೆವು. ಇಲ್ಲಿ ಒಂದೇ ತಲೆಮಾರಿನಲ್ಲಿ, ಜೀನ್ ಬದಲಾಗದೆ, ಬಾಯಿಯ ಮೂಲಕ ಕೆಲಸ ಮುಗಿಯಿತು. ಬೇರು ಹುಳಕ್ಕೆಂದು ವರ್ಷವೂ ಒಂದೇ ಔಷಧಿಯನ್ನು ಅಡಕೆ ಬುಡಕ್ಕೆ ಹೊಯ್ಯುವ ರೂಢಿಯಿದ್ದವರು ಈ ಪ್ರಯೋಗವನ್ನು ಒಮ್ಮೆ ನೆನೆಯಬೇಕು. ನಮ್ಮ ಬೇರು ಹುಳದಲ್ಲಿ ಹೀಗೇ ಆಗುತ್ತಿದೆ ಎಂದು ನಾನು ಹೇಳುತ್ತಿಲ್ಲ. ಮಣ್ಣು ಔಷಧಿಯನ್ನು ಸುಮ್ಮನೆ ಕುಡಿದು ಕೂರುವುದಿಲ್ಲ ಎಂದಷ್ಟೇ.

ಅಡಕೆಯ ನಡುವೆ ಕಾಫಿ ಇಟ್ಟವರಿಗೆ ಇನ್ನೊಂದು ಉದಾಹರಣೆ. ಕಾಯಿ ಕೊರಕ ಆಫ್ರಿಕಾ ಮೂಲದ ಕೀಟ. 1990ರಲ್ಲಿ ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ ಕಂಡು, ಬೇಗನೆ ಕೊಡಗಿಗೆ ಬಂತು. ಕಾಫಿ ಬೀಜದಲ್ಲಿರುವ ಕೆಫೀನ್ ಬಹುತೇಕ ಕೀಟಗಳಿಗೆ ವಿಷ. ಈ ದುಂಬಿ ಆ ಬೀಜದೊಳಗೇ ಹುಟ್ಟಿ, ತಿಂದು, ಸಂಸಾರ ಮಾಡುತ್ತದೆ. ಹೊಟ್ಟೆಯಲ್ಲಿರುವ ಸೂಡೋಮೋನಾಸ್ ಫಲ್ವಾ ಎಂಬ ಬ್ಯಾಕ್ಟೀರಿಯಾ ಕೆಫೀನನ್ನು ಒಡೆಯುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ಆಂಟಿಬಯಾಟಿಕ್ ಉಣಿಸಿ ಬ್ಯಾಕ್ಟೀರಿಯಾ ಕಳೆದಾಗ ಕೆಫೀನ್ ಹಾಗೇ ಹೊರಬಂತು. ಬ್ಯಾಕ್ಟೀರಿಯಾ ಮರಳಿ ಕೊಟ್ಟಾಗ ಮತ್ತೆ ಒಡೆಯತೊಡಗಿತು. ಇದೇ ಕೀಟ ಕಾಫಿ ಬೀಜದ ಸಕ್ಕರೆಯನ್ನು ಅರಗಿಸುವ ಒಂದು ಜೀನನ್ನು ಹಿಂದೆಂದೋ ಬ್ಯಾಕ್ಟೀರಿಯಾದಿಂದಲೇ ಪಡೆದು ತನ್ನದಾಗಿಸಿಕೊಂಡಿದೆ.

ಹಾಗೆಂದು ಎಲ್ಲ ಹುಳದ ಹಿಂದೆಯೂ ಬ್ಯಾಕ್ಟೀರಿಯಾ ಹುಡುಕುತ್ತ ಹೋದರೆ ಎಡವುತ್ತೇವೆ. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಬಾರಿಗೆ ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಪತ್ತೆಯಾಯಿತು. ಒಂದೆರಡು ವರ್ಷದಲ್ಲಿ ದೇಶವನ್ನೇ ಸುತ್ತಿತು. ಇಷ್ಟು ವೇಗದ ದಾಳಿಕೋರನ ಹೊಟ್ಟೆಯಲ್ಲಿ ದೊಡ್ಡ ಸಹಾಯಕರೇ ಇರಬೇಕು ಅನ್ನಿಸುತ್ತದೆ. ಆದರೆ ಪತಂಗದ ಮರಿಗಳಲ್ಲಿ ಖಾಯಂ ಆಗಿ ನೆಲೆಸಿದ ಕರುಳಿನ ಬ್ಯಾಕ್ಟೀರಿಯಾಗಳೇ ಹೆಚ್ಚುಕಡಿಮೆ ಇಲ್ಲ, ಎಲೆಯ ಜೊತೆ ಬಂದವು ಲದ್ದಿಯ ಜೊತೆ ಹೋಗುತ್ತವೆ ಎಂದು 2017ರ ಒಂದು ದೊಡ್ಡ ಅಧ್ಯಯನ ಹೇಳಿತು. ಬ್ರೆಜಿಲ್‌ನಲ್ಲಿ ಈ ಸೈನಿಕ ಹುಳುವಿನ ಕರುಳಿನಿಂದ ಕೀಟನಾಶಕ ಒಡೆಯುವ ಬ್ಯಾಕ್ಟೀರಿಯಾಗಳನ್ನು ತೆಗೆದದ್ದೂ ನಿಜ. ಅದೇ ಹುಳುವಿನಲ್ಲಿ, ಮೆಕ್ಕೆಜೋಳದ ಎಲೆಯ ರಕ್ಷಣಾ ವ್ಯವಸ್ಥೆ ಕರುಳಿಗೆ ತೂತು ಹಾಕಿದಾಗ ಒಳಗಿದ್ದ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗಿ ಹುಳುವಿಗೇ ಕೇಡು ಮಾಡುವುದೂ ನಿಜ. ಈ ಹುಳುವಿನ ಗೆಲುವಿಗೆ ದೂರ ಹಾರುವ ಪತಂಗ, ಸಾವಿರ ದಾಟುವ ಮೊಟ್ಟೆ, ವರ್ಷವಿಡೀ ಎಲ್ಲಾದರೊಂದು ಕಡೆ ಹಸಿರಾಗಿರುವ ಮೆಕ್ಕೆಜೋಳ ಇಷ್ಟೇ ಸಾಕಾದೀತು.

ಬ್ಯಾಕ್ಟೀರಿಯಾವನ್ನು ನೆಚ್ಚಿದ ಕೀಟಕ್ಕೆ ಅದೇ ಬಲಹೀನತೆಯೂ ಹೌದು. ಗಿಡಹೇನುಗಳಲ್ಲಿ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ಪೋರ್ಟಿಯೆರಾದ ಕೆಲಸ ಮಾಡುತ್ತದೆ. ಬಟಾಣಿಯ ಗಿಡಹೇನಿನಲ್ಲಿ, ಬುಕ್ನೆರಾದ ಡಿಎನ್‌ಎಯ ಒಂದೇ ಒಂದು ಅಕ್ಷರ ಬಿದ್ದುಹೋದರೆ ಅದು ಬಿಸಿ ತಡೆಯುವುದಿಲ್ಲ. ಮರಿಯಾಗಿದ್ದಾಗ ಒಂದು ಜೋರು ಸೆಕೆ ತಗುಲಿದರೂ ಬೆಳೆದ ಗಿಡಹೇನು ಬಹುತೇಕ ಬಂಜೆಯಾಗುತ್ತದೆ. ಗಿಡಹೇನು ಸ್ವತಃ ಎಷ್ಟೇ ಗಟ್ಟಿಯಿದ್ದರೂ ಅದರ ಹದ್ದು ಬ್ಯಾಕ್ಟೀರಿಯಾದ ಹದ್ದೇ.

ಹಾಗಾದರೆ ಆಂಟಿಬಯಾಟಿಕ್ ಹೊಡೆದು ಬ್ಯಾಕ್ಟೀರಿಯಾವನ್ನೇ ಕೊಂದರಾಯಿತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಬೇಡ. ಪ್ರಯೋಗಾಲಯದಲ್ಲಿ ಹುಳಕ್ಕೆ ಉಣಿಸುವುದು ಬೇರೆ, ಐವತ್ತು ಅಡಿ ಎತ್ತರದ ಸೋಗೆಗೆ ಹೊಡೆಯುವುದು ಬೇರೆ. ಔಷಧಿ ಆಹಾರನಾಳದೊಳಗೆ ಹೋಗಿ, ಹುಳದ ಜೀವಕೋಶದೊಳಗೆ ಇಳಿಯಬೇಕು. ಅಷ್ಟರಲ್ಲಿ ಅದು ಮಣ್ಣು, ನೀರು, ಕೊಟ್ಟಿಗೆಯ ದನ ಎಲ್ಲವನ್ನೂ ಮುಟ್ಟಿರುತ್ತದೆ. ಮನುಷ್ಯರ ಕ್ಷಯಕ್ಕೆ ಬಳಸುವ ಸ್ಟ್ರೆಪ್ಟೋಮೈಸಿನ್ ಮತ್ತು ಅದರ ಜೊತೆಗಾರ ಟೆಟ್ರಾಸೈಕ್ಲಿನನ್ನು ಬೆಳೆಗೆ ಹೊಡೆಯುವುದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಕೊನೆಯಲ್ಲೇ ಕ್ರಮಕ್ಕೆ ಮುಂದಾಯಿತು.

ತೋಟದಲ್ಲಿ ಮಾಡಬಹುದಾದದ್ದು ಇದಕ್ಕಿಂತ ಸರಳ. ಬಾಗಿಲಲ್ಲೇ ತಡೆಯುವುದು ಮೊದಲು. ತೆಂಗಿನ ಸಸಿ, ಬಾಳೆ ಕಂದು, ಅಂಗಳದ ಅಲಂಕಾರದ ಗಿಡ ಏನೇ ಘಟ್ಟ ಹತ್ತಿ ಬಂದರೂ ಎಲೆಯ ಅಡಿಯನ್ನು ಮಸೂರದಲ್ಲಿ ನೋಡಿ. ಮೇಣದ ಸುರುಳಿ ಕಂಡ ಎಲೆಯನ್ನು ಕತ್ತರಿಸಿ ಸುಟ್ಟುಬಿಡಿ. ಗಿಡವನ್ನು ಕೆಲವು ವಾರ ತೋಟದಿಂದ ದೂರ ಇಟ್ಟು, ಮತ್ತೆ ನೋಡಿ, ಆಮೇಲೆ ನೆಡಿ. ತಾಯಿ, ಮೊಟ್ಟೆ, ಬ್ಯಾಕ್ಟೀರಿಯಾ ಎಲ್ಲವೂ ಒಂದೇ ಎಲೆಯಲ್ಲಿ ಬರುವುದರಿಂದ ಒಂದು ಎಲೆ ತೆಗೆದರೂ ದೊಡ್ಡ ಕೆಲಸವೇ.

ಬಂದಾಗಿದ್ದರೆ ಔಷಧಿ ಅಂಗಡಿಗೆ ಓಡುವ ಮೊದಲು ಎಲೆಯ ಅಡಿಯಲ್ಲಿ ಮರಿಗಳ ಖಾಲಿ ಚಿಪ್ಪುಗಳನ್ನು ಗಮನಿಸಿ. ಬಿಳಿ ನೊಣ ತಾನಾಗಿ ಹೊರಬಂದಿದ್ದರೆ ಚಿಪ್ಪಿನ ಬೆನ್ನು ಸೀಳಿರುತ್ತದೆ. ಅಂಚು ನುಣ್ಣಗಿರುವ ದುಂಡು ತೂತು ಕಂಡರೆ ಅಲ್ಲಿಂದ ಬಂದದ್ದು ನೊಣವಲ್ಲ, ಅದನ್ನು ಒಳಗಿನಿಂದ ತಿಂದು ಮುಗಿಸಿದ ಎನ್‌ಕಾರ್ಸಿಯಾ ಗ್ವಾಡೆಲೂಪೆ ಎಂಬ ಪುಟ್ಟ ಕಣಜ. ದುಂಡು ತೂತುಗಳು ಹೆಚ್ಚಿದ್ದರೆ ನಿಮ್ಮ ತೋಟದಲ್ಲಿ ಕೆಲಸ ಆಗಲೇ ನಡೆಯುತ್ತಿದೆ. ಆಗ ಹೊಡೆಯುವ ಯಾವ ವಿಷವಾದರೂ ಮೊದಲು ಕೊಲ್ಲುವುದು ಆ ಕಣಜವನ್ನೇ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆಯೂ ವಿಷ ಬೇಡವೆಂದೇ. ಬಾಧೆ ಹೆಚ್ಚಿದ್ದಲ್ಲಿ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಎಳೆಯ ಗಿಡಗಳಿಗೆ ಜೋರು ನೀರಿನ ಧಾರೆ, ಎಲೆ ಕಪ್ಪಾಗಿಸುವ ಮಸಿ ಬೂಷ್ಟಿಗೆ ಲೀಟರಿಗೆ 10 ಗ್ರಾಂ ಗಂಜಿಪುಡಿ ಬೇಯಿಸಿ ಹೊಡೆಯುವುದು. ಗಂಜಿ ಒಣಗಿ ಚಕ್ಕೆಯೇಳುವಾಗ ಬೂಷ್ಟೂ ಕಿತ್ತು ಬೀಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಬಿಳಿ ನೊಣಕ್ಕೆ ರೋಗ ತರುವ ಐಸೇರಿಯಾ ಶಿಲೀಂಧ್ರವನ್ನೂ ಬಿಡುಗಡೆ ಮಾಡಿದೆ. ನಮ್ಮಲ್ಲಿ ಅದನ್ನು ಬಳಸುವವರು ಕೊಳೆ ರೋಗದ ಬೋರ್ಡೋ ಹೊಡೆಯುವ ದಿನಗಳಿಂದ ದೂರವಿಡಬೇಕು, ಬೋರ್ಡೋದಲ್ಲಿರುವ ಮೈಲುತುತ್ತಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದ ಗೊತ್ತಾಗದು.

ಶತ್ರುವನ್ನು ಶತ್ರುವಿನಿಂದಲೇ ಹಿಡಿಯುವ ಈ ದಾರಿ ದೊಡ್ಡ ಪ್ರಮಾಣದಲ್ಲಿ ಗೆದ್ದ ದಾಖಲೆಯೂ ನಮ್ಮಲ್ಲಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪಾಯದ ಹಿಟ್ಟು ತಿಗಣೆ ಕರ್ನಾಟಕದ ಪಪಾಯ, ಹಿಪ್ಪುನೇರಳೆಯನ್ನು ಹಾಳುಗೆಡವಿತ್ತು. 2010ರಲ್ಲಿ ಇದೇ ಬ್ಯೂರೋ ಪೋರ್ಟೊರಿಕೋದಿಂದ ತರಿಸಿದ ಅಸೆರೋಫೇಗಸ್ ಎಂಬ ಕಣಜ ಅದನ್ನು ಮಣಿಸಿತು. ಹಿಟ್ಟು ತಿಗಣೆಯ ಕುಟುಂಬದಲ್ಲಿ ಬ್ಯಾಕ್ಟೀರಿಯಾದೊಳಗೇ ಇನ್ನೊಂದು ಬ್ಯಾಕ್ಟೀರಿಯಾ ವಾಸಿಸಿ, ಕೀಟವೂ ಸೇರಿದಂತೆ ಮೂವರೂ ಕೂಡಿ ಒಂದು ಅಮೈನೋ ಆಮ್ಲ ತಯಾರಿಸುವಷ್ಟು ಗಾಢ ಸಂಬಂಧಗಳಿವೆ. ಹೊರಗಿನಿಂದ ತಂದ ಕಣಜ ಅದರ ಗೋಜಿಗೇ ಹೋಗಲಿಲ್ಲ, ಮನೆಯೊಡೆಯನನ್ನೇ ಮುಗಿಸಿತು. ಅಂದಹಾಗೆ, ಗಾಜಿನ ಮನೆಯ ಬೆಳೆಗಳಲ್ಲಿ ಬಿಳಿ ನೊಣದ ವಿರುದ್ಧ ಜಗತ್ತಿನಾದ್ಯಂತ ಬಿಡುವ ಎನ್‌ಕಾರ್ಸಿಯಾ ಫಾರ್ಮೋಸಾ ಕಣಜದಲ್ಲೂ ಬಹುತೇಕ ಹೆಣ್ಣುಗಳೇ ಇರುವುದು. ಅದಕ್ಕೆ ಕಾರಣ ಅದರೊಳಗಿನ ವೊಲ್ಬಾಕಿಯಾ. ನೀಲಗಿರಿಯ ಗಂಟು ಕಣಜಕ್ಕೆ ನೆರವಾದ ತಂತ್ರವೇ ಇಲ್ಲಿ ರೈತನ ಕಡೆಗಿದೆ.

ಮಳೆಗಾಲದಲ್ಲಿ ನಮ್ಮ ಕಡೆಯ ಜಡಿಮಳೆಗೆ ಬಿಳಿ ನೊಣ ತಗ್ಗುತ್ತದೆ. ಒಣ ಹವೆ ಶುರುವಾದ ಮೇಲೆ, ಕೊನೆ ಕೊಯ್ಲು ಮುಗಿದು ಬೇಸಿಗೆ ಕಾವೇರುವ ತನಕ, ಹದಿನೈದು ದಿನಕ್ಕೊಮ್ಮೆ ಕೆಳಗಿನ ಸೋಗೆ, ಬಾಳೆ ಎಲೆಗಳ ಅಡಿ ನೋಡುವುದು ಒಳ್ಳೆಯದು. ಗುರುತು ಸಿಗದ ಹುಳ ಕಂಡರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕಾ ಕಾಲೇಜಿಗೋ ಎಲೆ ತೋರಿಸಿ. ಒಯ್ಯುವಾಗ ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಬಸ್ಸಿನ ಕಿಟಕಿಯ ಪಕ್ಕ ಬರಿಗೈಯಲ್ಲಿ ಎಲೆ ಹಿಡಿದು ಕೂತರೆ ಯಲ್ಲಾಪುರದಿಂದ ಶಿರಸಿಯವರೆಗಿನ ಎಲ್ಲ ತೋಟಗಳಿಗೂ ನೊಣವನ್ನು ನೀವೇ ಹಂಚಿದ ಹಾಗಾಗುತ್ತದೆ.